ಮಳೆ ಹಿಡಿದಾಗ ಊದುವ ಕಾಲು: ಅಘನಾಶಿನಿ ದಡದ ಒಂದು ಪ್ರಕರಣ

2023ರ ಅಕ್ಟೋಬರ್ ತಿಂಗಳ ಒಂದು ಮಧ್ಯಾಹ್ನ, ಕುಮಟಾ ತಾಲೂಕಿನ ಮೀನುಗಾರರ ಮನೆಯೊಂದರ ಜಗಲಿಯಲ್ಲಿ ಕುಳಿತು ಆಸ್ಪತ್ರೆಯ ಮೂರು ಡಿಸ್ಚಾರ್ಜ್ ಪತ್ರಗಳನ್ನು ಒಂದರ ಪಕ್ಕ ಒಂದು ಹರಡಿಕೊಂಡೆ. ಮೂರರಲ್ಲೂ ಒಂದೇ ಕಾಯಿಲೆ ಬರೆದಿತ್ತು: ಉಲ್ಬಣಗೊಂಡ ಹೃದಯ ವೈಫಲ್ಯ. ಚಿಕಿತ್ಸೆಯೂ ಹೆಚ್ಚುಕಡಿಮೆ ಒಂದೇ. ಆ ಕಾಗದಗಳನ್ನು ಅದಕ್ಕೂ ಮೊದಲು ಹಲವು ಸಲ ಓದಿದ್ದೆ. ಆ ದಿನ ಮಾತ್ರ ಕಣ್ಣು ದಿನಾಂಕಗಳ ಮೇಲೆ ನಿಂತಿತು. 2022ರ ಜುಲೈ ಎರಡನೆಯ ವಾರ, 2022ರ ಆಗಸ್ಟ್ ಮೊದಲ ವಾರ, 2023ರ ಜುಲೈ ಮೂರನೆಯ ವಾರ. ಉಳಿದ ತಿಂಗಳುಗಳಲ್ಲಿ ಈ ಮನುಷ್ಯ ಬಲೆ ಹೆಣೆದುಕೊಂಡು, ಮೊಮ್ಮಕ್ಕಳನ್ನು ಶಾಲೆಯ ತನಕ ನಡೆಸಿಕೊಂಡು ಹೋಗಿ ಬರುತ್ತಿದ್ದರು. ಮಳೆ ಹಿಡಿಯಿತೆಂದರೆ ಕಾಲು ಊದುತ್ತಿತ್ತು, ಉಸಿರು ಕಟ್ಟುತ್ತಿತ್ತು, ಆಂಬುಲೆನ್ಸ್ ಬರುತ್ತಿತ್ತು.

ನಾನು ಆ ಭಾಗದ ಉಪಕೇಂದ್ರದಲ್ಲಿ ಸಮುದಾಯ ಆರೋಗ್ಯ ಅಧಿಕಾರಿ. ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಸಂಬಂಧಗಳು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರು ಅಜ್ಜ, ಅವರ ಹೆಂಡತಿ ಅಜ್ಜಿ. ಊರಿನಲ್ಲಿ ನಾನು ಅವರನ್ನು ಕರೆಯುವುದೂ ಹಾಗೆಯೇ.

ಹಿನ್ನೆಲೆ

ಅಜ್ಜನಿಗೆ ಆಗ 74 ವರ್ಷ. ಅರವತ್ತು ದಾಟುವವರೆಗೂ ನಾಡದೋಣಿಯಲ್ಲಿ ಕಡಲಿಗೆ ಹೋದವರು. ಅಜ್ಜಿ ಮೀನಿನ ಬುಟ್ಟಿ ಹೊತ್ತು ಘಟ್ಟದ ಬುಡದ ಊರುಗಳವರೆಗೆ ವ್ಯಾಪಾರ ಮಾಡಿದವರು. ಮಗ ಟ್ರಾಲರ್ ಬೋಟಿನಲ್ಲಿ ದುಡಿಯುತ್ತಾನೆ. ಸೊಸೆ, ಇಬ್ಬರು ಮೊಮ್ಮಕ್ಕಳು ಜೊತೆಗಿದ್ದಾರೆ. ಅಜ್ಜನಿಗೆ ರಕ್ತದೊತ್ತಡ ಬಹಳ ವರ್ಷಗಳಿಂದ ಇತ್ತು. 2018ರಲ್ಲಿ ಹೃದಯಾಘಾತವಾಗಿ, ನೂರು ಕಿಲೋಮೀಟರಿಗೂ ಆಚೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿದ್ದರು. ಜೀವ ಉಳಿಯಿತು, ಆದರೆ ಹೃದಯದ ಸ್ನಾಯುವಿನ ಒಂದು ಭಾಗ ಸೋತುಹೋಯಿತು. ಹೃದಯದ ಎಡ ಕೋಣೆ ಪ್ರತಿ ಬಡಿತಕ್ಕೂ ತನ್ನೊಳಗಿನ ರಕ್ತದ ಅರ್ಧಕ್ಕಿಂತ ಹೆಚ್ಚನ್ನು ಹೊರದೂಡಬೇಕು. ಎಕೋ ಪರೀಕ್ಷೆಯಲ್ಲಿ ಅಜ್ಜನದು ಶೇಕಡಾ 35 ಎಂದು ಬಂದಿತ್ತು. ಮೂತ್ರಪಿಂಡಗಳೂ ಸ್ವಲ್ಪ ಬಳಲಿದ್ದವು; ಅವು ಬಳಲಿದಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 1.6 ಇತ್ತು. ದಿನಕ್ಕೆ ಏಳು ಬಗೆಯ ಮಾತ್ರೆ. ಅವುಗಳಲ್ಲಿ ಮುಖ್ಯವಾದದ್ದು ಫ್ಯೂರೋಸೆಮೈಡ್. ಮೈಯಲ್ಲಿ ನಿಂತ ನೀರನ್ನು ಮೂತ್ರದ ಮೂಲಕ ಹೊರಹಾಕುವ ಈ ಔಷಧಕ್ಕೆ ಮನೆಯವರು ಇಟ್ಟಿದ್ದ ಹೆಸರು ‘ನೀರಿನ ಮಾತ್ರೆ’.

ಕಾಯಿಲೆಯ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ‘ಹಾರ್ಟ್ ಫೇಲ್’ ಎಂಬ ಮಾತಿಗೆ ನಮ್ಮ ಕಡೆ ಇರುವುದು ಒಂದೇ ಅರ್ಥ: ಮನುಷ್ಯ ಹೋದ. ಡಾಕ್ಟರು ಆ ಪದ ಬಳಸಿದ ದಿನ ಸೊಸೆ ಹೊರಗೆ ಬಂದು ಅತ್ತಿದ್ದಳಂತೆ. ಅದು ನಿಂತುಹೋದ ಹೃದಯವಲ್ಲ, ದಣಿದ ಹೃದಯ. ವರ್ಷಗಟ್ಟಲೆ ನಿಭಾಯಿಸಬಹುದಾದ ಸ್ಥಿತಿ ಎಂದು ಐದು ವರ್ಷಗಳಲ್ಲಿ ಅವರಿಗೆ ಯಾರೂ ಕುಳಿತು ವಿವರಿಸಿರಲಿಲ್ಲ. ಆ ಐದು ವರ್ಷಗಳ ಕೊನೆಯ ಒಂದೂವರೆ ವರ್ಷ ನಾನೇ ಅಲ್ಲಿದ್ದೆ.

ನಾನು ಮೊದಲು ಬರೆದಿಟ್ಟಿದ್ದ ಕಾರಣ

2022ರ ಮೊದಲ ದಾಖಲಾತಿಯ ನಂತರ ಮನೆಭೇಟಿಗೆ ಹೋದಾಗ ಅಜ್ಜನ ಮಾತ್ರೆಯ ಡಬ್ಬಿ ನೋಡಿದೆ. ನೀರಿನ ಮಾತ್ರೆ ಹನ್ನೊಂದು ಉಳಿದಿದ್ದವು. ಲೆಕ್ಕದ ಪ್ರಕಾರ ಮೂರು ಉಳಿಯಬೇಕಿತ್ತು. ರಿಜಿಸ್ಟರಿನಲ್ಲಿ ‘ಔಷಧ ಸೇವನೆಯಲ್ಲಿ ನಿರ್ಲಕ್ಷ್ಯ’ ಎಂದು ಬರೆದೆ. ಅಜ್ಜನಿಗೆ ಜೋರಾಗಿಯೇ ಹೇಳಿದೆ: ಹೀಗೆ ಮಾಡಿದರೆ ಮತ್ತೆ ಆಸ್ಪತ್ರೆ ಸೇರುತ್ತೀರಿ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಮೂರು ವಾರಗಳ ನಂತರ ಮತ್ತೆ ಆಸ್ಪತ್ರೆ ಸೇರಿದರು. ಮರುವರ್ಷವೂ ಅದೇ ಆಯಿತು.

ಇದನ್ನು ಮರೆಮಾಚದೆ ಹೇಳುತ್ತಿದ್ದೇನೆ. ಯಾಕೆಂದರೆ ನನ್ನ ಬರಹ ಸುಳ್ಳಾಗಿರಲಿಲ್ಲ, ಮಾತ್ರೆಗಳು ನಿಜವಾಗಿಯೂ ಉಳಿದಿದ್ದವು. ಆದರೆ ‘ನಿರ್ಲಕ್ಷ್ಯ’ ಎಂದು ಬರೆದ ಕೂಡಲೇ ಕಾರಣ ಹುಡುಕುವ ಕೆಲಸ ಮುಗಿದುಹೋಯಿತು. ಅಜ್ಜನಿಗೂ ನನಗೂ ನಡುವೆ ಬಾಗಿಲು ಮುಚ್ಚಿದಂತಾಯಿತು. ಆಮೇಲೆ ಅವರು ಮಾತ್ರೆಗಳನ್ನು ಎಣಿಸಿ, ಹೆಚ್ಚಾದವನ್ನು ಹಿತ್ತಲಿನಲ್ಲಿ ಎಸೆದು, ಡಬ್ಬಿಯನ್ನು ಸರಿಯಾದ ಲೆಕ್ಕಕ್ಕೆ ತಂದು ನನಗೆ ತೋರಿಸುತ್ತಿದ್ದರು. ಅದನ್ನು ಅಜ್ಜಿ ನನಗೆ ಹೇಳಿದ್ದು ಬಹಳ ದಿನಗಳ ಮೇಲೆ.

ದಿನಾಂಕಗಳು ಕಣ್ಣಿಗೆ ಬಿದ್ದ ಆ ಮಧ್ಯಾಹ್ನ ಪ್ರಶ್ನೆಯನ್ನೇ ಬದಲಿಸಿದೆ. ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳಲಿಲ್ಲ. ‘ಅಜ್ಜಾ, ಆಷಾಢದ ಜಡಿಮಳೆಯಲ್ಲಿ ನಿಮ್ಮ ಒಂದು ದಿನ ಹೇಗೆ ಹೋಗುತ್ತದೆ? ಎದ್ದಾಗಿನಿಂದ ಮಲಗುವ ತನಕ ಹೇಳಿ’ ಎಂದೆ. ಆಶಾ ಕಾರ್ಯಕರ್ತೆ ಜೊತೆಗಿದ್ದಳು. ಮಾತು ಮುಗಿಯಲು ಎರಡು ಗಂಟೆ ಹಿಡಿಯಿತು.

ಮಳೆಗಾಲದ ಒಂದು ದಿನ

ಮೊದಲು ಬಂದದ್ದು ಮೆಟ್ಟಿಲುಗಳ ಮಾತು. ಮನೆಯ ಶೌಚಾಲಯ ಹಿತ್ತಲಿನಲ್ಲಿ, ಆರು ಚಿರೇಕಲ್ಲಿನ ಮೆಟ್ಟಿಲು ಇಳಿದು ಹೋಗಬೇಕು. ಮಳೆಗಾಲದಲ್ಲಿ ಆ ಕಲ್ಲಿನ ಮೇಲೆ ಪಾಚಿ ಕಟ್ಟುತ್ತದೆ. ನೀರಿನ ಮಾತ್ರೆ ದಿನಕ್ಕೆ ಎರಡು ಸಲ ಎಂದು ಚೀಟಿಯಲ್ಲಿತ್ತು. ಔಷಧ ಅಂಗಡಿಯವರು ಪೊಟ್ಟಣದ ಮೇಲೆ 1-0-1 ಎಂದು ಗುರುತು ಹಾಕಿ ಕೊಟ್ಟಿದ್ದರು. ಅಂದರೆ ಒಂದು ಬೆಳಿಗ್ಗೆ, ಒಂದು ರಾತ್ರಿ. ಈ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಕೆಲಸ ಶುರುಮಾಡುತ್ತದೆ, ಸುಮಾರು ಆರು ಗಂಟೆ ಮಾಡುತ್ತಲೇ ಇರುತ್ತದೆ. ರಾತ್ರಿ ಊಟದ ನಂತರ ನುಂಗಿದರೆ ನಡುರಾತ್ರಿ ಮೂರು ನಾಲ್ಕು ಸಲ ಏಳಬೇಕು. 2022ರ ಜೂನ್‌ನಲ್ಲಿ ಕರೆಂಟು ಹೋಗಿದ್ದ ಒಂದು ರಾತ್ರಿ ಅಜ್ಜ ಆ ಮೆಟ್ಟಿಲಿನಲ್ಲಿ ಜಾರಿ ಬಿದ್ದಿದ್ದರು. ಮೂಳೆ ಮುರಿಯಲಿಲ್ಲ, ಹಾಗಾಗಿ ಯಾರಿಗೂ ಹೇಳಲಿಲ್ಲ. ಮರುದಿನದಿಂದ ರಾತ್ರಿಯ ಮಾತ್ರೆ ಬಿಟ್ಟರು. ಬೇಸಿಗೆಯಲ್ಲಿ ಕಲ್ಲು ಒಣಗಿದಾಗ ಮತ್ತೆ ನುಂಗುತ್ತಿದ್ದರು. ನಾನು ನಿರ್ಲಕ್ಷ್ಯ ಎಂದು ಬರೆದದ್ದು ಇದನ್ನು.

ಎರಡನೆಯದು ಒಣಮೀನು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಕಡಲಿಗಿಳಿಯುವಂತಿಲ್ಲ. ನಾಡದೋಣಿಯವರು ತಂದ ಸ್ವಲ್ಪ ಮೀನು ಸಿಗುತ್ತದೆ, ಬೆಲೆ ಮಾತ್ರ ಕೈಗೆಟುಕುವುದಿಲ್ಲ. ಆ ತಿಂಗಳುಗಳಿಗೆಂದೇ ಬೇಸಿಗೆಯಲ್ಲಿ ಬಂಗಡೆ, ತಾರ್ಲೆ, ಶೆಟ್ಲಿ ಒಣಗಿಸಿಟ್ಟಿರುತ್ತಾರೆ. ಹೊರಗೆ ಮಳೆ ಹೊಯ್ಯುವಾಗ ಕುಚ್ಚಲಕ್ಕಿ ಗಂಜಿ, ಕೆಂಡದ ಮೇಲೆ ಸುಟ್ಟ ಒಣ ಬಂಗಡೆಯ ತುಂಡು, ಇಲ್ಲದಿದ್ದರೆ ಉಪ್ಪಿನಕಾಯಿ: ಎರಡು ಹೊತ್ತೂ ಅಜ್ಜನ ಊಟ ಇದೇ. ಡಿಸ್ಚಾರ್ಜ್ ಪತ್ರದಲ್ಲಿ ‘ಉಪ್ಪು ಕಡಿಮೆ ಮಾಡಿ’ ಎಂದು ಇತ್ತು. ಸೊಸೆ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು, ಸಾರಿಗೆ ಹಾಕುವ ಉಪ್ಪನ್ನು ಅರ್ಧಕ್ಕೆ ಇಳಿಸಿದ್ದಳು. ಸಾರು ಸಪ್ಪೆಯಾದಷ್ಟೂ ಅಜ್ಜ ಒಣಮೀನಿನ ತುಂಡನ್ನು ದೊಡ್ಡದಾಗಿ ಮುರಿದುಕೊಳ್ಳುತ್ತಿದ್ದರು. ಒಣಮೀನನ್ನು ಯಾರೂ ಉಪ್ಪಿನ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದು ಮೀನು, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಡಿಮೆ, ಅಂದರೆ ಸರಿಸುಮಾರು ಒಂದು ಟೀ ಚಮಚ. ಮೈಯಲ್ಲಿ ಉಪ್ಪು ಉಳಿದರೆ ಅದರ ಜೊತೆ ನೀರೂ ಉಳಿಯುತ್ತದೆ; ದಣಿದ ಹೃದಯಕ್ಕೆ ಆ ನೀರನ್ನು ಸಾಗಿಸುವ ಶಕ್ತಿಯಿಲ್ಲ. ಅದು ಕಾಲಿಗೆ ಇಳಿಯುತ್ತದೆ, ಶ್ವಾಸಕೋಶದಲ್ಲಿ ನಿಲ್ಲುತ್ತದೆ.

ಮಂಡಿನೋವಿನ ಮಾತು ಸೊಸೆಯಿಂದ ಬಂತು. ಥಂಡಿಗೆ ಮಂಡಿ ಹಿಡಿದುಕೊಳ್ಳುತ್ತದೆಂದು ಪೇಟೆಯಿಂದ ಬಿಡಿ ಮಾತ್ರೆ ತರಿಸಿ ನುಂಗುತ್ತಿದ್ದರು. ಪಟ್ಟಿ ನೋಡಿದರೆ ಡೈಕ್ಲೋಫಿನಾಕ್. ಈ ಜಾತಿಯ ನೋವಿನ ಮಾತ್ರೆಗಳು ಮೈಯಲ್ಲಿ ಉಪ್ಪು-ನೀರನ್ನು ಹಿಡಿದಿಡುತ್ತವೆ, ನೀರಿನ ಮಾತ್ರೆಯ ಕೆಲಸವನ್ನು ಕುಗ್ಗಿಸುತ್ತವೆ, ಮೊದಲೇ ಬಳಲಿದ ಮೂತ್ರಪಿಂಡಕ್ಕೆ ಮತ್ತಷ್ಟು ಪೆಟ್ಟು ಕೊಡುತ್ತವೆ. ರಾತ್ರಿ ಮಲಗಿದರೆ ಎದೆ ಒತ್ತಿದಂತಾಗುವುದನ್ನು ಅಜ್ಜ ‘ಗ್ಯಾಸ್’ ಎಂದು ತಿಳಿದಿದ್ದರು. ಅದಕ್ಕೆ ಸೋಡಾಪುಡಿಯ ಪೊಟ್ಟಣ ನೀರಿಗೆ ಹಾಕಿ ಕುಡಿಯುತ್ತಿದ್ದರು. ಅದರಲ್ಲಿರುವುದೂ ಸೋಡಿಯಂ.

ದುಡ್ಡಿನ ವಿಚಾರವನ್ನು ಯಾರೂ ಹೇಳಲಿಲ್ಲ, ನಾನೇ ಕೇಳಬೇಕಾಯಿತು. ಬೋಟ್ ಬಂದ್ ಆದರೆ ಮಗನಿಗೆ ದುಡಿಮೆಯಿಲ್ಲ. ಅದೇ ಹೊತ್ತಿಗೆ ಮಕ್ಕಳ ಶಾಲೆ ಶುರುವಾಗುತ್ತದೆ. ಆಗ ತಿಂಗಳ ಮಾತ್ರೆಯ ಬದಲು ಒಂದೊಂದೇ ಪಟ್ಟಿ ಬರುತ್ತಿತ್ತು, ಕೆಲವು ಸಲ ನಡುವೆ ನಾಲ್ಕು ದಿನ ಏನೂ ಇರುತ್ತಿರಲಿಲ್ಲ.

ಕೊನೆಗೆ ಅಜ್ಜಿ ಒಂದು ಮಾತು ಹೇಳಿದರು. ಮಳೆ ಜೋರಾದ ಮೇಲೆ ಅಜ್ಜ ಒಳಗೆ ಮಲಗುವುದಿಲ್ಲ, ಜಗಲಿಯ ಕಂಬಕ್ಕೆ ಒರಗಿ ಕುಳಿತೇ ನಿದ್ದೆ ಮಾಡುತ್ತಾರೆ. ‘ಕಡಲಿನವರಲ್ಲವೇ ಅಕ್ಕೋರೇ, ಗಾಳಿಯ ದಿಕ್ಕು ನೋಡುತ್ತಾ ಕುಳಿತಿರುತ್ತಾರೆ ಎಂದುಕೊಂಡಿದ್ದೆ.’ ಮಲಗಿದರೆ ಉಸಿರು ಕಟ್ಟುವುದು, ಕುಳಿತರೆ ಸಮಾಧಾನವಾಗುವುದು ಶ್ವಾಸಕೋಶದಲ್ಲಿ ನೀರು ಸೇರುತ್ತಿರುವುದರ ಸ್ಪಷ್ಟ ಗುರುತು. ಪ್ರತಿ ದಾಖಲಾತಿಗೂ ಐದಾರು ದಿನ ಮೊದಲೇ ಅದು ಆ ಜಗಲಿಯಲ್ಲಿ ಎಲ್ಲರ ಕಣ್ಣೆದುರು ನಡೆಯುತ್ತಿತ್ತು.

ಮಾಡಿ ನೋಡಿದ್ದು

ಔಷಧ ಬದಲಿಸುವ ಅಧಿಕಾರ ನನಗಿಲ್ಲ. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಅಜ್ಜ ಕಾರವಾರದಲ್ಲಿ ತೋರಿಸಿಕೊಳ್ಳುತ್ತಿದ್ದ ತಜ್ಞ ವೈದ್ಯರಿಗೆ ಮಗನ ಕೈಯಲ್ಲಿ ಕಳುಹಿಸಿದೆ, ವೈದ್ಯರನ್ನು ದೂರದಿಂದಲೇ ಕಾಣುವ ಸರ್ಕಾರಿ ಸೇವೆ ಇ-ಸಂಜೀವಿನಿಯ ಮೂಲಕವೂ ಒಮ್ಮೆ ಮಾತಾಡಿಸಿದೆ. ವೈದ್ಯರು ಹಾಳೆಯನ್ನು ಪೂರ್ತಿ ಓದಿದರು. ನೀರಿನ ಮಾತ್ರೆಯನ್ನು ಬೆಳಿಗ್ಗೆ ಆರಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ಬದಲಿಸಿದರು. ಓಡಾಟವೆಲ್ಲ ಹಗಲಿನಲ್ಲೇ ಮುಗಿಯುವಂತಾಯಿತು. ಡೈಕ್ಲೋಫಿನಾಕ್ ಪೂರ್ತಿ ನಿಂತಿತು. ನೋವು ತಡೆಯಲಾಗದ ದಿನ ವೈದ್ಯರು ಬರೆದುಕೊಟ್ಟ ಅಳತೆಯಲ್ಲಿ ಪ್ಯಾರಾಸಿಟಮಾಲ್, ಉಳಿದಂತೆ ಬಿಸಿನೀರಿನ ಶಾಖ. ಪೇಟೆಗೆ ಅಥವಾ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವ ದಿನ ಬೆಳಗಿನ ಮಾತ್ರೆಯನ್ನು ಬಿಟ್ಟುಬಿಡುವ ಬದಲು ಮನೆಗೆ ಮರಳಿದ ಮೇಲೆ ನುಂಗಬಹುದು ಎಂಬ ಒಂದು ಸಾಲನ್ನೂ ಅವರು ಸೇರಿಸಿದರು. ಕಾಯಿಲೆಯ ಹಿರಿಯರನ್ನು ಬಸ್ಸಿನಲ್ಲಿ ಕರೆದೊಯ್ದವರಿಗೆ ಆ ಸಾಲಿನ ಬೆಲೆ ಗೊತ್ತು.

ಮೆಟ್ಟಿಲಿನ ಸಮಸ್ಯೆಗೆ ನಾನು ಮೊದಲು ಸೂಚಿಸಿದ್ದು ಹಾಸಿಗೆಯ ಬಳಿ ಮೂತ್ರದ ಬಾಟಲಿ ಇಡುವುದು. ಅಜ್ಜ ಮುಖ ತಿರುಗಿಸಿದರು. ಸೊಸೆ ತೊಳೆಯಬೇಕಾಗುವ ವಸ್ತುವನ್ನು ಅವರು ಮುಟ್ಟುವವರಲ್ಲ, ನಾನು ಒತ್ತಾಯಿಸಲಿಲ್ಲ. ಮಗ ಬೇರೆ ದಾರಿ ಹುಡುಕಿದ. ಮೆಟ್ಟಿಲುಗಳನ್ನು ಉಳಿಯಿಂದ ಕಚ್ಚು ಹೊಡೆದು ಒರಟು ಮಾಡಿ, ಹಿಂಬಾಗಿಲಿನಿಂದ ಶೌಚಾಲಯದವರೆಗೆ ಗೂಟ ನೆಟ್ಟು ದೋಣಿಯ ದಪ್ಪ ಹಗ್ಗವನ್ನು ಸೊಂಟದೆತ್ತರಕ್ಕೆ ಬಿಗಿದು ಕಟ್ಟಿದ. ಆ ಹಗ್ಗ ಹಿಡಿದು ನಡೆಯಲು ಅಜ್ಜನಿಗೆ ಯಾವ ಸಂಕೋಚವೂ ಆಗಲಿಲ್ಲ. ಜೀವಮಾನವಿಡೀ ಹಿಡಿದ ಹಗ್ಗ ಅದು.

ಊಟದ ವಿಷಯದಲ್ಲಿ ಒಂದು ದೊಡ್ಡ ತಪ್ಪು ಕೂದಲೆಳೆಯಲ್ಲಿ ತಪ್ಪಿತು. ಒಣಮೀನು ಬೇಡ ಎಂದದ್ದಕ್ಕೆ ಗೋವಾದಲ್ಲಿರುವ ಸಂಬಂಧಿಕರೊಬ್ಬರು ‘ಕಡಿಮೆ ಸೋಡಿಯಂ’ ಉಪ್ಪಿನ ಎರಡು ಪ್ಯಾಕೆಟ್ ಕಳುಹಿಸಿದರು. ಒಳ್ಳೆಯ ಮನಸ್ಸಿನಿಂದಲೇ ಕಳುಹಿಸಿದ್ದು. ಅಂತಹ ಉಪ್ಪಿನಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಸೇರಿಸಿರುತ್ತಾರೆ. ಅಜ್ಜ ನುಂಗುವ ರ‍್ಯಾಮಿಪ್ರಿಲ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಎರಡೂ ಮೈಯಲ್ಲಿ ಪೊಟ್ಯಾಸಿಯಂ ಏರಿಸುತ್ತವೆ, ಮೂತ್ರಪಿಂಡ ಬಳಲಿದ್ದರೆ ಅದು ಹೊರಹೋಗುವುದೂ ಕಡಿಮೆ. ಅತಿಯಾದರೆ ಹೃದಯದ ಬಡಿತವೇ ದಾರಿ ತಪ್ಪಬಹುದು. ಅದರ ಮೇಲೆ ಅಜ್ಜ ಬೇಸಿಗೆಯಲ್ಲಿ ದಿನಕ್ಕೆರಡು ಎಳನೀರು ಕುಡಿಯುತ್ತಿದ್ದರು. ಎಳನೀರೂ ಪೊಟ್ಯಾಸಿಯಂ ತುಂಬಿದ ಪಾನೀಯ. 2024ರ ಮಾರ್ಚ್‌ನ ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ 5.6 ಬಂತು, ಸಾಮಾನ್ಯವಾಗಿ ಅದು 3.5ರಿಂದ 5ರ ಆಸುಪಾಸಿನೊಳಗೆ ಇರಬೇಕು. ಆ ಉಪ್ಪಿನ ಪ್ಯಾಕೆಟ್ ಒಲೆಯ ಪಕ್ಕ ಒಡೆದು ಇಟ್ಟಿದ್ದನ್ನು ಆಶಾ ಕಾರ್ಯಕರ್ತೆ ನೋಡಿ ಫೋನ್ ಮಾಡಿದ್ದಳು. ಅದೇ ದಿನ ಅದನ್ನು ನಿಲ್ಲಿಸಿದೆವು, ಎಳನೀರನ್ನೂ ವೈದ್ಯರು ಬಿಡಿಸಿದರು. ಎರಡು ವಾರಗಳಲ್ಲಿ ಅಳತೆ ಇಳಿಯಿತು. ಎಲ್ಲರಿಗೂ ಒಳ್ಳೆಯದು ಎಂದು ನಾವು ನಂಬಿದ ವಸ್ತು ಒಬ್ಬರ ಮಾತ್ರೆಯ ಡಬ್ಬಿಯೊಡನೆ ಸೇರಿದಾಗ ಏನಾಗುತ್ತದೆ ಎಂದು ನೋಡಿಯೇ ಕೊಡಬೇಕು.

ಒಣಮೀನನ್ನು ಪೂರ್ತಿ ನಿಷೇಧಿಸಬೇಕೆಂದು ನಾನು ಹಟ ಹಿಡಿಯಲಿಲ್ಲ. 74 ವರ್ಷ ತಿಂದದ್ದನ್ನು ಕಿತ್ತುಕೊಂಡರೆ ಕದ್ದು ತಿನ್ನುತ್ತಾರೆ, ಕದ್ದು ತಿಂದರೆ ನನಗೆ ಲೆಕ್ಕ ಸಿಗುವುದಿಲ್ಲ. ಅಜ್ಜಿ, ಸೊಸೆ, ನಾನು ಕುಳಿತು ಒಪ್ಪಂದಕ್ಕೆ ಬಂದೆವು. ವಾರಕ್ಕೆ ಒಂದು ಸಲ, ಒಂದು ಸಣ್ಣ ತುಂಡು. ಅದೂ ಎರಡು ಸಲ ನೀರು ಬದಲಿಸಿ ನೆನೆಸಿ, ಆ ನೀರು ಚೆಲ್ಲಿ, ಬೇರೆ ಉಪ್ಪು ಹಾಕದ ಸಾರಿನಲ್ಲಿ. ಉಳಿದ ದಿನ ಹೊಳೆಯ ಸಣ್ಣ ಮೀನು ಸಿಕ್ಕರೆ ಅದು, ಇಲ್ಲವಾದರೆ ಮೊಟ್ಟೆ ಅಥವಾ ಹೆಸರುಕಾಳು. ಉಪ್ಪಿನ ಜಾಗವನ್ನು ಉಪ್ಪು ಹಾಕದೆ ಒಣಗಿಸಿದ ಮುರುಗಲು ಸಿಪ್ಪೆ, ಕಾಳುಮೆಣಸು, ಬೆಳ್ಳುಳ್ಳಿ ತುಂಬಿದವು. ಮೊದಲ ತಿಂಗಳು ಅಜ್ಜ ಅರ್ಧ ಊಟ ಮಾಡಿ ಏಳುತ್ತಿದ್ದರು. ಎರಡನೆಯ ತಿಂಗಳಿಗೆ ನಾಲಿಗೆ ಒಗ್ಗಿತು.

ತೂಕದ ಮಾತು

ಇಡೀ ಪ್ರಕರಣ ತಿರುಗಿದ್ದು ತೂಕದ ಯಂತ್ರದಿಂದ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಹೃದಯ ದಣಿದಿದೆ, ಮೈಯಲ್ಲಿ ನೀರು ನಿಲ್ಲುತ್ತದೆ ಎಂದು ವಿವರಿಸುತ್ತಿದ್ದಾಗ ಅಜ್ಜ ಮಧ್ಯದಲ್ಲೇ ತಡೆದು ಹೇಳಿದರು: ‘ಅಂದರೆ ದೋಣಿಯೊಳಗೆ ನೀರು ಸೇರಿದ ಹಾಗೆ. ಮೊಗೆದು ಹಾಕುತ್ತಲೇ ಇರಬೇಕು.’ ಹೌದು ಎಂದೆ. ‘ಮಾತ್ರೆ ಮೊಗೆಯುತ್ತದೆ. ಎಷ್ಟು ನೀರು ಸೇರಿದೆ ಎಂದು ಗೊತ್ತಾಗುವುದು ಹೇಗೆ? ದೋಣಿಯಲ್ಲಾದರೆ ಕಾಲಿಗೆ ತಾಗುತ್ತದೆ.’ ಅವರ ಪ್ರಶ್ನೆಗೆ ಉತ್ತರ ತೂಕ. ಕಾಲು ಊದಿ ಬೆರಳೊತ್ತಿದರೆ ಕುಳಿ ಬೀಳುವ ಹೊತ್ತಿಗೆ ಎಷ್ಟೋ ನೀರು ಸೇರಿಯಾಗಿರುತ್ತದೆ; ಅದಕ್ಕೂ ಮೊದಲೇ ತೂಕ ಹೇಳುತ್ತದೆ. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ಅದು ಮಾಂಸವಲ್ಲ, ನೀರು.

ಮಗ ತೂಕದ ಯಂತ್ರ ತಂದ. ಮೊದಲ ಹತ್ತು ದಿನಗಳ ಅಂಕಿಗಳು ಹುಚ್ಚುಹುಚ್ಚಾಗಿದ್ದವು: ಇವತ್ತು 51, ನಾಳೆ 54, ನಾಡಿದ್ದು 50. ಅಜ್ಜ ಗಾಬರಿಯಾದರು, ನಾನೂ ಆದೆ. ಗುಟ್ಟು ಹಿಡಿದವರು ಅಜ್ಜಿ. ನಲವತ್ತು ವರ್ಷ ತಕ್ಕಡಿ ಹಿಡಿದು ಮೀನು ಮಾರಿದವರಿಗೆ ಸುಳ್ಳು ತೂಕ ಬೇಗ ತಿಳಿಯುತ್ತದೆ. ‘ನೆಲ ಸಮವಿಲ್ಲ, ಇದು ಓಲಾಡುತ್ತಿದೆ’ ಎಂದು ಯಂತ್ರವನ್ನು ಎತ್ತಿ, ಬಟ್ಟೆ ಒಗೆಯುವ ಚಪ್ಪಟೆ ಕಲ್ಲನ್ನು ಒಳಗೆ ತರಿಸಿ ಅದರ ಮೇಲೆ ಇಟ್ಟರು. ಅಂದಿನಿಂದ ಅಂಕಿ ನಿಂತಿತು: 52, 52.2, 51.9. ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನುವ ಮೊದಲು, ಒಂದೇ ಪಂಚೆಯಲ್ಲಿ ಅಜ್ಜ ಕಲ್ಲಿನ ಮೇಲೆ ನಿಲ್ಲುವುದು, ಅಜ್ಜಿ ನೋಡುವುದು, ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆಯುವುದು. ಅಜ್ಜಿಗೆ ಅಕ್ಷರ ಬಾರದು, ಅಂಕಿ ಚೆನ್ನಾಗಿ ಬರುತ್ತದೆ. ಈ ಕೆಲಸಕ್ಕೆ ಸೊಸೆಯನ್ನು ನೇಮಿಸಬೇಕೆಂದು ನಾನು ಮೊದಲು ಯೋಚಿಸಿದ್ದೆ, ಅವಳು ಓದಿದವಳೆಂದು. ಅದು ತಪ್ಪು ಲೆಕ್ಕ. ಮನೆಯಲ್ಲಿ ತೂಕ ಬಲ್ಲವರು ಯಾರು ಎಂದು ಕೇಳಬೇಕಿತ್ತು.

2024ರ ಮೇ ತಿಂಗಳಲ್ಲಿ ತಜ್ಞ ವೈದ್ಯರು ಒಂದು ಹಾಳೆ ಬರೆದುಕೊಟ್ಟರು. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ಏರಿದರೆ ನನಗೆ ಫೋನ್ ಮಾಡಬೇಕು. ನಾನು ರಕ್ತದೊತ್ತಡ ನೋಡಿ ಅವರಿಗೆ ತಿಳಿಸಬೇಕು. ಅವರು ಒಪ್ಪಿದರೆ ಬೆಳಗಿನ ನೀರಿನ ಮಾತ್ರೆ ಮೂರು ದಿನ ಎರಡರಷ್ಟು. ಮಲಗಲಾಗದಷ್ಟು ಉಸಿರಾಟದ ತೊಂದರೆ, ಎದೆನೋವು, ಕಣ್ಣು ಕತ್ತಲೆ ಬಂದರೆ ಫೋನಿಗೂ ಕಾಯದೆ 108. ಇದು ಅಜ್ಜನ ಹೃದಯ, ಅಜ್ಜನ ಮೂತ್ರಪಿಂಡ ನೋಡಿ ಬರೆದದ್ದು. ಬೇರೆಯವರು ಇದೇ ಅಳತೆಯನ್ನು ತಮ್ಮ ಮನೆಯ ಹಿರಿಯರಿಗೆ ಹಾಕಬಾರದು, ಇಂತಹ ಹಾಳೆಯನ್ನು ತಮ್ಮ ವೈದ್ಯರಿಂದ ಕೇಳಿ ಬರೆಸಿಕೊಳ್ಳಬೇಕು.

2024ರ ಜುಲೈ

ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿತು. ಜೀವಹಾನಿಯ ಸುದ್ದಿ, ಗಂಗಾವಳಿ ನದಿಯಲ್ಲಿ ಹುಡುಕಾಟದ ಸುದ್ದಿ ಬಿಟ್ಟರೆ ಆ ದಿನಗಳಲ್ಲಿ ನಮ್ಮ ಕಡೆ ಬೇರೆ ಮಾತಿರಲಿಲ್ಲ. ಕುಮಟಾದಿಂದ ಕಾರವಾರಕ್ಕೆ ನೇರ ದಾರಿ ಇಲ್ಲವಾಯಿತು. ಅಜ್ಜನ ತಪಾಸಣೆ ಇದ್ದದ್ದು ಜುಲೈ 18ಕ್ಕೆ.

19ರ ಬೆಳಿಗ್ಗೆ ಆರೂಮುಕ್ಕಾಲಿಗೆ ಅಜ್ಜಿಯ ಫೋನ್ ಬಂತು. ‘ಅಕ್ಕೋರೇ, 54.6. ಮಂಗಳವಾರ 52.3 ಇತ್ತು. ಕಲ್ಲು ಸರಿಯಾಗಿದೆ, ಎರಡು ಸಲ ನಿಲ್ಲಿಸಿ ನೋಡಿದೆ.’ ನೆರೆಮನೆಯ ಕಾರ್ಯವೊಂದರಲ್ಲಿ ಎರಡು ದಿನ ಊಟವಾಗಿತ್ತು, ಹಪ್ಪಳ ಉಪ್ಪಿನಕಾಯಿ ಎಲ್ಲ. ಹಿಂದಿನ ಎರಡು ವರ್ಷಗಳಲ್ಲಿ ಇದೇ ಹೊತ್ತಿನಲ್ಲಿ ಅಜ್ಜ ಕಂಬಕ್ಕೆ ಒರಗಿ ಕುಳಿತಿರುತ್ತಿದ್ದರು, ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಈ ಸಲ ಅವರಿಗೆ ಇನ್ನೂ ಉಸಿರಾಟದ ತೊಂದರೆ ಶುರುವಾಗಿರಲಿಲ್ಲ. ಮಳೆಯಲ್ಲೇ ಹೋದೆ. ರಕ್ತದೊತ್ತಡ 118/70, ಮಲಗಿದರೆ ಉಸಿರು ಸರಾಗ, ಪಾದದಲ್ಲಿ ಸ್ವಲ್ಪ ಊತ. ವೈದ್ಯರು ಫೋನಿಗೆ ಸಿಕ್ಕರು, ಹಾಳೆಯಂತೆ ಮಾಡಿ ಎಂದರು. ದಿನಕ್ಕೆರಡು ಸಲ ರಕ್ತದೊತ್ತಡ ನೋಡಿದೆ. 20ಕ್ಕೆ 54, 21ಕ್ಕೆ 53.1, 23ಕ್ಕೆ 52.5. ಮಾತ್ರೆಯನ್ನು ಮತ್ತೆ ಹಳೆಯ ಅಳತೆಗೆ ಇಳಿಸಿದೆವು. ಮುಂದಿನ ವಾರ ರಕ್ತಪರೀಕ್ಷೆ ಮಾಡಿಸಿದಾಗ ಪೊಟ್ಯಾಸಿಯಂ 4.8 ಇತ್ತು.

ಆ ಮಳೆಗಾಲದಲ್ಲಿ ಅಜ್ಜ ಆಸ್ಪತ್ರೆಗೆ ದಾಖಲಾಗಲಿಲ್ಲ. ದಾರಿ ಮುಚ್ಚಿದ್ದಾಗ ಹಳೆಯ ರೀತಿಯಲ್ಲಿ ಅವರಿಗೆ ಮಧ್ಯರಾತ್ರಿ ಉಸಿರು ಕಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನಾನು ಕೆಲವು ರಾತ್ರಿ ನಿದ್ದೆ ಮಾಡಿಲ್ಲ. ಉತ್ತರ ಕನ್ನಡಕ್ಕೆ ಎಲ್ಲ ಸೌಲಭ್ಯಗಳ ದೊಡ್ಡ ಆಸ್ಪತ್ರೆ ಬೇಕೆಂಬ ಬೇಡಿಕೆ ಹಳೆಯದು, ನ್ಯಾಯವಾದದ್ದು, ಅದು ಬರಲೇಬೇಕು. ಆದರೆ ಬಂದರೂ ಗುಡ್ಡ ಕುಸಿದ ದಿನ ಅದಕ್ಕೆ ದಾರಿ ಇರಲಾರದು. ಅಜ್ಜನ ಕಾಯಿಲೆಯನ್ನು ಆ ಐದಾರು ದಿನಗಳ ಮೊದಲೇ ಮನೆಯಲ್ಲಿ ಹಿಡಿಯುವ ವ್ಯವಸ್ಥೆ ಬೇರೆ, ಅದು ಪ್ರತ್ಯೇಕವಾಗಿಯೇ ಇರಬೇಕು.

ಬಗೆಹರಿಯದೆ ಉಳಿದದ್ದು

2025ರ ಫೆಬ್ರವರಿಯಲ್ಲಿ ಕ್ಯಾಲೆಂಡರಿನ ಅಂಕಿ 52ರಲ್ಲೇ ಇತ್ತು, ಆದರೆ ಪಾದ ಊದಿತ್ತು. ಅಂಕಿಯನ್ನು ನಂಬಿ ನಾನು ಒಂದು ವಾರ ಸುಮ್ಮನಿದ್ದೆ. ತೋಳು ಮುಟ್ಟಿ ನೋಡಿದಾಗ ಅರ್ಥವಾಯಿತು: ಅಜ್ಜನ ಮೈಮಾಂಸ ಕರಗಿತ್ತು, ಆ ಜಾಗಕ್ಕೆ ನೀರು ಸೇರಿತ್ತು, ಒಟ್ಟು ತೂಕ ಬದಲಾಗಿರಲಿಲ್ಲ. ವೈದ್ಯರು ನೀರು ಇಳಿಸಿದ ಮೇಲೆ ಅವರ ಸರಿಯಾದ ತೂಕ 50.5 ಎಂದು ಹೊಸದಾಗಿ ಗೊತ್ತುಮಾಡಿದರು. ವಯಸ್ಸಾದವರಲ್ಲಿ ಈ ಆಧಾರದ ತೂಕವನ್ನು ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು, ಕಾಲನ್ನು ಕೈಯಿಂದ ಮುಟ್ಟಿ ನೋಡುವುದನ್ನು ಯಂತ್ರ ಬಂದಿತೆಂದು ಬಿಡಬಾರದು. ಕ್ರಿಯಾಟಿನಿನ್ ಈಗ 1.8. ಅದು ಇಳಿಯುವ ಲಕ್ಷಣವಿಲ್ಲ. ಎಳನೀರು ಬಿಟ್ಟದ್ದಕ್ಕೆ ಅಜ್ಜನಿಗೆ ನನ್ನ ಮೇಲೆ ಈಗಲೂ ಬೇಸರವಿದೆ, ಮುಚ್ಚಿಡದೆ ಹೇಳುತ್ತಾರೆ. ಹೇಳುತ್ತಾರಲ್ಲ ಎಂಬುದೇ ನನಗೆ ನೆಮ್ಮದಿ.

ನಮ್ಮ ರಿಜಿಸ್ಟರಿನಲ್ಲಿ ಕಾಯಿಲೆಗೆ, ಮಾತ್ರೆಗೆ, ಅಳತೆಗೆ ಕಾಲಮ್ಮುಗಳಿವೆ. ಕಾಯಿಲೆ ಯಾವ ತಿಂಗಳಲ್ಲಿ ಉಲ್ಬಣಿಸುತ್ತದೆ ಎಂದು ಬರೆಯಲು ಜಾಗವಿಲ್ಲ. ನಾನು ಈಗ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತೇನೆ. ಹಾಗೆ ಬರೆಯತೊಡಗಿದ ಮೇಲೆ ಇನ್ನೂ ಮೂರು ಮನೆಗಳಲ್ಲಿ ಜುಲೈ ಕಾಣಿಸಿದೆ. ‘ನಿರ್ಲಕ್ಷ್ಯ’ ಎಂಬ ಪದವನ್ನು ಮಾತ್ರ 2023ರ ನಂತರ ಬರೆದಿಲ್ಲ. ಮಾತ್ರೆ ಉಳಿದಿದ್ದರೆ ಯಾವ ಹೊತ್ತಿನದು ಉಳಿದಿದೆ, ಯಾಕೆ ಎಂದು ಬರೆಯುತ್ತೇನೆ.

ದುಡ್ಡಿನ ಸಮಸ್ಯೆಗೆ ಸಿಕ್ಕ ಪರಿಹಾರ ಸಣ್ಣದು. ಮಗನಿಗೆ ದುಡಿಮೆ ಇರುವ ಏಪ್ರಿಲ್, ಮೇ ತಿಂಗಳುಗಳಲ್ಲೇ ಮಳೆಗಾಲದ ಎರಡು ತಿಂಗಳ ಮಾತ್ರೆಗಳನ್ನು ತಂದಿಡುವುದು. ಕೆಲವು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತವೆ, ಉಳಿದವನ್ನು ಜನೌಷಧಿ ಕೇಂದ್ರದಿಂದ ಕೊಳ್ಳುತ್ತಾರೆ. ಥಂಡಿ ತಾಗದಂತೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಲು ಹೇಳಿದ್ದೆ.

2025ರಲ್ಲಿ ಮಳೆ ಅವಸರದಿಂದ ಬಂತು, ಮೇ ಕೊನೆಯ ವಾರದಲ್ಲೇ. ಆ ವಾರ ನಾನು ಹೋದಾಗ ಅಜ್ಜಿ ಅಂಗಳದಲ್ಲಿ ನೆನೆಯುತ್ತಿದ್ದ ಸೌದೆಯನ್ನು ಸೊಸೆಯ ಜೊತೆ ಒಳಗೆ ಸಾಗಿಸುತ್ತಿದ್ದರು. ತೆಂಗಿನ ಮಡಲು ಇನ್ನೂ ಹೆಣೆದಾಗಿರಲಿಲ್ಲ, ಒಣಮೀನು ಈ ವರ್ಷ ಅರ್ಧ ಬುಟ್ಟಿ ಮಾತ್ರ. ನನ್ನನ್ನು ನೋಡಿ ಕೈ ಒರೆಸಿಕೊಂಡು ಒಳಗೆ ಹೋಗಿ ಡಬ್ಬಿ ತಂದು ಮುಚ್ಚಳ ತೆಗೆದರು. ಅರವತ್ತು ದಿನದ್ದು, ಬೆಳಗಿನದು ಬೇರೆ, ಮಧ್ಯಾಹ್ನದ್ದು ಬೇರೆ ಗಂಟು. ‘ಸೌದೆ ತಡವಾಯಿತು ಅಕ್ಕೋರೇ’ ಎಂದರು, ‘ಇದನ್ನು ಹದಿನೈದು ದಿನ ಮೊದಲೇ ತಂದಿಟ್ಟೆ.’ ಅಜ್ಜ ಹಿಂಬಾಗಿಲಿನಲ್ಲಿ ನಿಂತು, ಹೋದ ವರ್ಷದ ಹಗ್ಗ ಸಡಿಲವಾದಲ್ಲಿ ಹೊಸ ಗಂಟು ಹಾಕುತ್ತಿದ್ದರು.